ಬೆಸ ತಾರೀಕಿಗೆ ಶೆಲ್, ಸಮ ತಾರೀಕಿಗೆ ರಜೆ

ವೇಳಾಪಟ್ಟಿ ಹಾಕಿಕೊಂಡು ನಡೆದ ಯುದ್ಧಗಳು ಲೋಕದಲ್ಲಿ ಕಡಿಮೆ. ಚೀನಾದ ಫುಜಿಯನ್ ಕರಾವಳಿಗೆ ಅಂಟಿಕೊಂಡಂತೆ ಇರುವ ಕಿನ್ಮೆನ್ ದ್ವೀಪದಲ್ಲಿ ಅಂಥದ್ದೊಂದು ಇಪ್ಪತ್ತು ವರ್ಷ ನಡೆಯಿತು. 1958ರ ಅಕ್ಟೋಬರ್ 25ರಂದು ಬೀಜಿಂಗ್ ಒಂದು ಪ್ರಕಟಣೆ ಹೊರಡಿಸಿತು. ಸಮ ಸಂಖ್ಯೆಯ ತಾರೀಕುಗಳಂದು ದ್ವೀಪದ ವಿಮಾನ ನಿಲ್ದಾಣ, ದಕ್ಕೆ, ಕಡಲತೀರಗಳ ಮೇಲೆ ಶೆಲ್ ಹಾರಿಸುವುದಿಲ್ಲ. ಆ ದಿನಗಳಲ್ಲಿ ದ್ವೀಪದವರು ಅಕ್ಕಿ, ತರಕಾರಿ, ಎಣ್ಣೆ, ಇಂಧನ, ಬೇಕಿದ್ದರೆ ಮದ್ದುಗುಂಡನ್ನೂ ತರಿಸಿಕೊಳ್ಳಬಹುದು. ಬೆಸ ತಾರೀಕುಗಳಂದು ಮಾತ್ರ ಹಡಗು, ವಿಮಾನ ಬಾರದಿರುವುದು ಒಳ್ಳೆಯದು, ಹೊಡೆದರೂ ಹೊಡೆದೇವು.

ಎದುರಾಳಿಗೆ ಮದ್ದುಗುಂಡು ತಲುಪಲಿ ಎಂದು ದಿನ ಬಿಟ್ಟುಕೊಡುವ ಸೇನೆಗೆ ಆ ದ್ವೀಪ ನಿಜವಾಗಿ ಬೇಕಿತ್ತೇ? ತೈವಾನ್ ಯಾರದು, ಅದು ಚೀನಾದೊಂದಿಗೆ ಒಂದಾಗಬೇಕೇ ಬೇಡವೇ ಎಂಬ ಎಪ್ಪತ್ತೈದು ವರ್ಷಗಳ ವಾದವನ್ನು ಬೀಜಿಂಗ್, ತೈಪೆ, ವಾಷಿಂಗ್ಟನ್‌ಗಳಲ್ಲಿ ನಿಂತು ನೋಡುವವರೇ ಹೆಚ್ಚು. ಕಿನ್ಮೆನ್‌ನಲ್ಲಿ ನಿಂತರೆ ಅದರ ಸಿಕ್ಕು ಬೇರೆಯೇ ರೀತಿ ಕಾಣುತ್ತದೆ.

ಎರಡು ದೊಡ್ಡ ದ್ವೀಪಗಳೂ ಒಂದಷ್ಟು ಪುಟ್ಟ ನಡುಗಡ್ಡೆಗಳೂ ಸೇರಿ ಸುಮಾರು 150 ಚದರ ಕಿಲೋಮೀಟರ್ ನೆಲ. ಕಡಲಾಚೆ ಶಿಯಾಮೆನ್ ನಗರದ ಎತ್ತರದ ಕಟ್ಟಡಗಳು ಬರಿಗಣ್ಣಿಗೆ ಕಾಣುತ್ತವೆ. ಇನ್ನೊಂದು ದಿಕ್ಕಿನಲ್ಲಿ ತೈವಾನ್ 180 ಕಿಲೋಮೀಟರಿಗೂ ಹೆಚ್ಚು ದೂರ. ಈ ದೂರಕ್ಕೆ ತಕ್ಕಂತೆ ಇತಿಹಾಸವೂ ಬೇರೆ. 1684ರಲ್ಲಿ ಚಿಂಗ್ ಸಾಮ್ರಾಜ್ಯ ತನ್ನ ಆಡಳಿತಕ್ಕೆ ಸೇರಿಸಿಕೊಳ್ಳುವ ಮೊದಲು ತೈವಾನನ್ನು ಚೀನಾದ ಯಾವ ಚಕ್ರವರ್ತಿಯೂ ಆಳಿರಲಿಲ್ಲ. ಅಲ್ಲಿ ಮೂಲನಿವಾಸಿ ಬುಡಕಟ್ಟುಗಳಿದ್ದವು, ಬಳಿಕ ಡಚ್ಚರ ಕೋಟೆಗಳೆದ್ದವು. ಡಚ್ಚರನ್ನು 1662ರಲ್ಲಿ ಹೊರಗಟ್ಟಿದ ಝೆಂಗ್ ಚೆಂಗ್‌ಗಾಂಗ್‌ಗೆ ಶಿಯಾಮೆನ್, ಕಿನ್ಮೆನ್‌ಗಳೇ ನೆಲೆಯಾಗಿದ್ದವು. 1895ರ ಶಿಮೊನೊಸೆಕಿ ಒಪ್ಪಂದದಲ್ಲಿ ತೈವಾನ್ ಮತ್ತು ಪೆಂಗ್ಹು ದ್ವೀಪಗಳು ಜಪಾನಿನ ಪಾಲಾದವು. ಕಿನ್ಮೆನ್ ಆಗಲಿಲ್ಲ. ತೈವಾನಿನ ಎರಡು ತಲೆಮಾರು ಜಪಾನಿ ಶಾಲೆಯಲ್ಲಿ ಜಪಾನಿ ಪಾಠ ಓದುತ್ತಿದ್ದಾಗ ಕಿನ್ಮೆನ್‌ನವರು ಫುಜಿಯನ್ ಪ್ರಾಂತ್ಯದ ಬಡ ದ್ವೀಪದವರಾಗಿಯೇ ಉಳಿದು, ಹೊಟ್ಟೆಪಾಡಿಗೆ ಸಿಂಗಪುರ, ಬ್ರೂನೈಗಳಿಗೆ ಹಡಗು ಹತ್ತುತ್ತಿದ್ದರು. ಜಪಾನಿನ ಸೇನೆ ಈ ದ್ವೀಪಕ್ಕೆ ಕಾಲಿಟ್ಟದ್ದು 1937ರಲ್ಲಿ. ಎಂಟು ವರ್ಷದ ದಾಳಿಕೋರನಾಗಿ ಅಷ್ಟೇ.

ಹಾಗಾದರೆ ಕಿನ್ಮೆನ್ ತೈವಾನ್ ಜೊತೆ ಸೇರಿದ್ದು ಹೇಗೆ? ಒಂದು ಇಳಿತದಿಂದ ಎಂದರೂ ತಪ್ಪಿಲ್ಲ.

1949ರ ಅಕ್ಟೋಬರ್ 1ರಂದು ಮಾವೊ ಬೀಜಿಂಗ್‌ನಲ್ಲಿ ಜನತಾ ಗಣರಾಜ್ಯ ಘೋಷಿಸಿದ್ದಾಗಿತ್ತು. ಅಂತರ್ಯುದ್ಧದಲ್ಲಿ ಸೋತ ಚಿಯಾಂಗ್ ಕೈ-ಶೇಕ್ ಅವರ ಕುವೊಮಿಂಟಾಂಗ್ ಸೇನೆ ದಕ್ಷಿಣಕ್ಕೆ ಓಡುತ್ತಿತ್ತು. ಶಿಯಾಮೆನ್ ಬಿತ್ತು. ಅಕ್ಟೋಬರ್ 25ರ ನಸುಕಿಗೆ ಕಮ್ಯುನಿಸ್ಟ್ ಸೇನೆಯ ಸುಮಾರು 9 ಸಾವಿರ ಮಂದಿ, ಮೀನುಗಾರರಿಂದ ಕಲೆಹಾಕಿದ ಮರದ ದೋಣಿಗಳಲ್ಲಿ ಕಿನ್ಮೆನ್‌ನ ವಾಯವ್ಯ ತುದಿಯ ಗುನಿಂಗ್‌ಟೊ ಬಳಿ ಇಳಿದರು. ಬಂದದ್ದು ಉಬ್ಬರದಲ್ಲಿ. ಸೈನಿಕರನ್ನು ಇಳಿಸಿ, ವಾಪಸು ಹೋಗಿ, ಎರಡನೆಯ ತಂಡವನ್ನು ತರಬೇಕಿದ್ದ ದೋಣಿಗಳು ನೀರು ಇಳಿಯುತ್ತಿದ್ದಂತೆ ಮರಳಿನಲ್ಲಿ ಕೂತುಬಿಟ್ಟವು. ಬೆಳಗಾಗುವಾಗ ಅವಕ್ಕೆ ಬೆಂಕಿ ಬಿದ್ದಿತ್ತು. ಎದುರು ದಡದಲ್ಲಿ ಸೇನೆಯಿತ್ತು, ದೋಣಿ ಇರಲಿಲ್ಲ. ಮೂರು ದಿನದಲ್ಲಿ ಇಳಿದವರೆಲ್ಲ ಸತ್ತರು ಇಲ್ಲವೇ ಸೆರೆಯಾದರು. ವರ್ಷಗಟ್ಟಲೆ ಬರೀ ಸೋಲುಂಡಿದ್ದ ಸೇನೆಗೆ ಅದು ಬಹುದಿನದ ಮೇಲೆ ಸಿಕ್ಕ ಗೆಲುವು. ಆದರೆ ಕಿನ್ಮೆನ್ ಜಿಲ್ಲೆಗೇ ಸೇರಿದ್ದ ಪಕ್ಕದ ದಾದೆಂಗ್ ಮತ್ತೆರಡು ದ್ವೀಪಗಳು ಕಮ್ಯುನಿಸ್ಟರ ಕೈಗೆ ಹೋಗಿದ್ದವು. ಒಂದೇ ಜಿಲ್ಲೆಯ ನಡುವೆ ಗಡಿ ಬಿತ್ತು.

ಮುಂದಿನ ವರ್ಷದ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಅಮೆರಿಕದ ಅಧ್ಯಕ್ಷ ಟ್ರೂಮನ್ ಏಳನೆಯ ನೌಕಾಪಡೆಯನ್ನು ತೈವಾನ್ ಜಲಸಂಧಿಗೆ ಕಳಿಸಿ, ತೈವಾನಿನ ಸ್ಥಾನಮಾನ ಮುಂದೆ ತೀರ್ಮಾನವಾಗಬೇಕಾದ ವಿಷಯ ಎಂದರು. 1951ರ ಸ್ಯಾನ್ ಫ್ರಾನ್ಸಿಸ್ಕೊ ಒಪ್ಪಂದವೂ ಅದನ್ನು ತೀರ್ಮಾನಿಸಲಿಲ್ಲ. ಜಪಾನ್ ತೈವಾನಿನ ಮೇಲಿನ ಹಕ್ಕು ಬಿಟ್ಟುಕೊಟ್ಟಿತು, ಯಾರಿಗೆ ಎಂದು ಒಪ್ಪಂದದಲ್ಲಿ ಬರೆಯಲೇ ಇಲ್ಲ. ಕೈರೊ ಘೋಷಣೆಯಲ್ಲಿ 1943ರಲ್ಲೇ ಚೀನಾಕ್ಕೆ ಮರಳಿಸುವ ಮಾತು ಆಗಿದೆಯಲ್ಲ ಎಂದು ಒಬ್ಬರು, ಘೋಷಣೆ ಬೇರೆ ಒಪ್ಪಂದ ಬೇರೆ ಎಂದು ಇನ್ನೊಬ್ಬರು: ವಕೀಲರಿಗೆ ಇಂದಿಗೂ ಕೆಲಸ ಕೊಡುತ್ತಿರುವ ಮೌನ ಅದು. ಈ ಮೌನವನ್ನು ಅಂದೇ ಆಕ್ಷೇಪಿಸಿದ ದೇಶಗಳಲ್ಲಿ ಭಾರತವೂ ಒಂದು. ತೈವಾನನ್ನು ಚೀನಾಕ್ಕೆ ಮರಳಿಸುವ ಮಾತು ಸ್ಪಷ್ಟವಾಗಿಲ್ಲ ಎಂಬುದು ನೆಹರೂ ಸರ್ಕಾರ ಆ ಸಮ್ಮೇಳನಕ್ಕೆ ಹೋಗದಿರಲು ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಅದಕ್ಕೂ ಮೊದಲು, 1950ರ ಜನವರಿಯಲ್ಲಿ ಭದ್ರತಾ ಮಂಡಳಿಯಿಂದ ಚಿಯಾಂಗ್ ಸರ್ಕಾರದ ಪ್ರತಿನಿಧಿಯನ್ನು ಹೊರಗಿಡುವ ಸೋವಿಯತ್ ನಿರ್ಣಯ ಬಿದ್ದುಹೋದಾಗ ಪರವಾಗಿ ಬಂದ ಮತಗಳು ಮೂರೇ: ಸೋವಿಯತ್ ಒಕ್ಕೂಟ, ಯುಗೋಸ್ಲಾವಿಯ, ಭಾರತ. ಆಗ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಮಂಗಳೂರಿನ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದವರು.

ಇತ್ತ ಕಿನ್ಮೆನ್ ಯಾವ ಕಾಗದದಲ್ಲೂ ಸರಿಯಾಗಿ ಕೂರುತ್ತಿರಲಿಲ್ಲ. 1954ರ ಸೆಪ್ಟೆಂಬರ್‌ನಲ್ಲಿ ಮೊದಲ ದೊಡ್ಡ ಶೆಲ್ ದಾಳಿಯಾಯಿತು. ಡಿಸೆಂಬರ್‌ನಲ್ಲಿ ಅಮೆರಿಕ ಚಿಯಾಂಗ್ ಜೊತೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿತು. ಅದರಲ್ಲಿ ಹೆಸರಿದ್ದದ್ದು ತೈವಾನ್ ಮತ್ತು ಪೆಂಗ್ಹುಗೆ ಮಾತ್ರ. ಕಿನ್ಮೆನ್, ಅದರ ಉತ್ತರಕ್ಕಿರುವ ಮಾತ್ಸು ದ್ವೀಪಗಳನ್ನು ಕಾಯುವೆವೋ ಇಲ್ಲವೋ ಎಂಬುದನ್ನು ಬೇಕೆಂದೇ ಮಸುಕಾಗಿ ಬಿಡಲಾಯಿತು.

1958ರ ಆಗಸ್ಟ್ 23ರ ಸಂಜೆ ಮತ್ತೆ ಶೆಲ್ ಮಳೆ. ಮೊದಲ ಹೊಡೆತಗಳಿಗೇ ದ್ವೀಪದ ಮೂವರು ಉಪ ಸೇನಾಧಿಪತಿಗಳು ಬಲಿಯಾದರು. 44 ದಿನಗಳಲ್ಲಿ ಬಿದ್ದ ಶೆಲ್‌ಗಳ ಲೆಕ್ಕ ನಾಲ್ಕೂಮುಕ್ಕಾಲು ಲಕ್ಷದ ಹತ್ತಿರ. ಅಮೆರಿಕದ ಯುದ್ಧನೌಕೆಗಳು ಸರಕು ಹಡಗುಗಳಿಗೆ ಬೆಂಗಾವಲು ಬಂದವು, ಎಂಟು ಇಂಚಿನ ಹೊವಿಟ್ಜರ್ ತೋಪುಗಳು ದ್ವೀಪಕ್ಕಿಳಿದವು. ಆದರೂ ವಾಷಿಂಗ್ಟನ್‌ಗೆ ಈ ದ್ವೀಪ ತಲೆನೋವೇ. ಇಷ್ಟು ಪುಟ್ಟ ದ್ವೀಪದಲ್ಲಿ ಅಷ್ಟೊಂದು ಸೈನಿಕರನ್ನು ತುಂಬಿಟ್ಟದ್ದು ಜಾಣತನವಲ್ಲ ಎಂದು ವಿದೇಶಾಂಗ ಕಾರ್ಯದರ್ಶಿ ಡಲೆಸ್ ಪತ್ರಕರ್ತರೆದುರೇ ಆಡಿದರು. ಆಮೇಲೆ ತೈಪೆಗೆ ಹೋಗಿ, ಸೇನೆ ತಗ್ಗಿಸುವಂತೆ ಚಿಯಾಂಗ್ ಅವರನ್ನು ಒತ್ತಾಯಿಸಿದರು. ಎರಡು ವರ್ಷದ ಬಳಿಕ ಕೆನಡಿ ಮತ್ತು ನಿಕ್ಸನ್ ಟಿವಿ ಚರ್ಚೆಯಲ್ಲೂ ಇದೇ ಜಗಳ. ಲಕ್ಷಾಂತರ ಅಮೆರಿಕನ್ನರು ಕಿನ್ಮೆನ್ ಹೆಸರನ್ನು ಕೇಳಿದ್ದು ಆಗಲೇ.

ಅಮೆರಿಕದ ಒತ್ತಡಕ್ಕೆ ಮಣಿದು ಚಿಯಾಂಗ್ ಈ ದ್ವೀಪಗಳನ್ನೇ ಬಿಟ್ಟು ಹಿಂದೆ ಸರಿದಿದ್ದರೆ ಏನಾಗುತ್ತಿತ್ತು? ಚೀನಾ ಮತ್ತು ತೈವಾನ್ ನಡುವೆ 130 ಕಿಲೋಮೀಟರಿಗೂ ಅಗಲದ ನೀರು ಉಳಿಯುತ್ತಿತ್ತು. ಚಿಯಾಂಗ್ ಕೈಯಲ್ಲಿ ಮುಖ್ಯಭೂಮಿಯ ಅಂಚಿನ ಒಂದು ತುಣುಕೂ ಇರುತ್ತಿರಲಿಲ್ಲ. ಆಗ ಅವರದು ಚೀನಾದ ಸರ್ಕಾರ ಎನ್ನಿಸಿಕೊಳ್ಳದೆ ತೈವಾನಿನ ಸರ್ಕಾರ ಎನ್ನಿಸಿಕೊಳ್ಳುತ್ತಿತ್ತು. ನಿಧಾನಕ್ಕೆ ಎರಡು ದೇಶ. ಇದು ಚಿಯಾಂಗ್‌ಗೆ ಗೊತ್ತಿತ್ತು, ಆದ್ದರಿಂದ ಕದಲಲಿಲ್ಲ. ಮಾವೊಗೂ ಗೊತ್ತಿತ್ತು. ಆ ಶರತ್ಕಾಲದಲ್ಲಿ ಅವರು ಕಿನ್ಮೆನ್ ಹಿಡಿಯುವ ವಿಚಾರವನ್ನೇ ಕೈಬಿಟ್ಟು, ಅದನ್ನು ಚಿಯಾಂಗ್ ಬಳಿಯೇ ಉಳಿಸುವ ತೀರ್ಮಾನಕ್ಕೆ ಬಂದರು. ಅಮೆರಿಕದ ಕುತ್ತಿಗೆಗೆ ಅದೊಂದು ಉರುಳು, ಬೇಕಾದಾಗ ಎಳೆಯಬಹುದು ಎಂಬುದು ಅವರು ಆಗ ಬಳಸುತ್ತಿದ್ದ ಮಾತು. ಬೆಸ ತಾರೀಕಿನ ಶೆಲ್, ಸಮ ತಾರೀಕಿನ ರಜೆ ಹುಟ್ಟಿದ್ದು ಹೀಗೆ. ಪರಸ್ಪರ ಮುಖ ಕಂಡರಾಗದ ಇಬ್ಬರು ಮುದುಕರು ಚೀನಾ ಒಂದೇ ಎಂಬ ಒಂದೇ ವಿಷಯದಲ್ಲಿ ಒಮ್ಮತ ಹೊಂದಿದ್ದರು. ಆ ಒಮ್ಮತ ಹರಿಯದಂತೆ ಕಾಯ್ದದ್ದು ಶೆಲ್ ದಾಳಿ.

ಈ ರಾಜತಂತ್ರದ ಅಡಿಯಲ್ಲಿ ಜನ ಬದುಕಬೇಕಿತ್ತಲ್ಲ.

ಮೊದಮೊದಲ ವರ್ಷಗಳ ಬಳಿಕ ಬರುತ್ತಿದ್ದ ಶೆಲ್‌ಗಳಲ್ಲಿ ಹೆಚ್ಚಿನವು ಕರಪತ್ರದವು. ಮೇಲೆ ಒಡೆದು ಕಾಗದ ಚೆಲ್ಲುತ್ತಿದ್ದವು, ಉಕ್ಕಿನ ಕವಚ ಮಾತ್ರ ಹೊಲಕ್ಕೋ ಮಾಡಿನ ಮೇಲಕ್ಕೋ ಬಂದು ಬೀಳುತ್ತಿತ್ತು. ಕರಪತ್ರ ಓದುವುದು ಅಪರಾಧ. ಕವಚಕ್ಕೆ ಕಿನ್ಮೆನ್‌ನ ಕಮ್ಮಾರರಲ್ಲಿ ಬೆಲೆ. ಸಿಡಿದು ಚೂರಾಗುವ ಮದ್ದಿನ ಶೆಲ್‌ಗಿಂತ ಇದರ ಉಕ್ಕು ದಪ್ಪ, ಇಡಿಯಾಗಿ ಸಿಗುತ್ತದೆ. ವೂ ಮನೆತನದ ಕುಲುಮೆಯಲ್ಲಿ ಇಂದಿಗೂ ಈ ಕೆಲಸ ನಡೆಯುತ್ತದೆ: ತುಕ್ಕು ಹಿಡಿದ ಕವಚವನ್ನು ಗ್ಯಾಸ್ ಕಟರ್‌ನಿಂದ ಅಂಗೈ ಅಗಲದ ತುಂಡು ಮಾಡಿ, ಕೆಂಪಗೆ ಕಾಯಿಸಿ, ಯಂತ್ರದ ಸುತ್ತಿಗೆಗೆ ಒಡ್ಡಿ, ನೀರಿಗದ್ದಿ, ಸಾಣೆ ಹಿಡಿದರೆ ಅಡುಗೆಮನೆಯ ಅಗಲ ಕತ್ತಿ ಸಿದ್ಧ. ಒಂದು ಶೆಲ್‌ಗೆ ಅರವತ್ತರ ತನಕ ಕತ್ತಿ ಬರುತ್ತವೆ ಎಂಬುದು ಕಮ್ಮಾರರ ಲೆಕ್ಕ. ಇವತ್ತು ಅವನ್ನು ಕೊಂಡು ಒಯ್ಯುವವರಲ್ಲಿ ಚೀನಾದ ಪ್ರವಾಸಿಗರೂ ಇದ್ದಾರೆ. ಅಪ್ಪ ಹಾರಿಸಿದ್ದನ್ನು ಮಗ ದುಡ್ಡು ಕೊಟ್ಟು ಹಿಂದಕ್ಕೆ ಒಯ್ಯುವ ಇಂಥ ವ್ಯಾಪಾರ ಬೇರೆಲ್ಲಿಯೂ ಇರಲಿಕ್ಕಿಲ್ಲ.

1956ರಿಂದ ದ್ವೀಪದಲ್ಲಿ ಯುದ್ಧವಲಯದ ಆಡಳಿತ. ಸೇನಾಧಿಪತಿಯೇ ಜಿಲ್ಲಾಧಿಕಾರಿಯ ಮೇಲಿನ ದೊರೆ. ಕಿನ್ಮೆನ್‌ನಲ್ಲಿ ಮಾತ್ರ ಚಲಾವಣೆ ಎಂದು ಮುದ್ರೆ ಒತ್ತಿದ ಬೇರೆ ನೋಟು. ರಾತ್ರಿ ಕರ್ಫ್ಯೂ, ಕಿಟಕಿಯಿಂದ ಬೆಳಕು ಹೊರಬೀಳಕೂಡದು. ರೇಡಿಯೊ, ಕ್ಯಾಮೆರಾಗಳಿಗೆ ಕಡಿವಾಣ. ಬಾಸ್ಕೆಟ್‌ಬಾಲ್ ಮತ್ತು ಟೈರಿನ ಟ್ಯೂಬಿಗೂ ನಿರ್ಬಂಧವಿತ್ತು, ಹಿಡಿದು ಆಚೆ ದಡಕ್ಕೆ ಈಜಿಬಿಟ್ಟಾರೆಂದು! ಇಲಿ ಕಾಟ ಹೆಚ್ಚಾದಾಗ ಮನೆಗಿಷ್ಟು ಇಲಿಬಾಲ ತಂದೊಪ್ಪಿಸುವ ಆಜ್ಞೆ ಹೊರಟಿತು. 1967ರಲ್ಲಿ ಗುನಿಂಗ್‌ಟೊ ಸಮೀಪ 48 ಧ್ವನಿವರ್ಧಕಗಳನ್ನು ಹುದುಗಿಸಿದ ಕಾಂಕ್ರೀಟ್ ಗೋಡೆ ಎದ್ದಿತು. ಅದರಿಂದ ಕಮ್ಯುನಿಸ್ಟರ ಕಿವಿಗೆ ಪ್ರಚಾರವೂ, ಮುಂದೆ ಗಾಯಕಿ ತೆರೇಸಾ ತೆಂಗ್ ಅವರ ದನಿಯೂ ಹೋಯಿತು.

ಸೇನಾಡಳಿತದಿಂದ ದ್ವೀಪಕ್ಕೆ ದಕ್ಕಿದ್ದೂ ಉಂಟು. ಭತ್ತಕ್ಕೆ ನೀರಿಲ್ಲದ ಈ ಒಣ ನೆಲದಲ್ಲಿ ಸೇನಾಧಿಪತಿ ಹು ಲಿಯೆನ್ ಜೋಳ ಬೆಳೆಸಿದರು. ಬಿಜಾಪುರದ ರೊಟ್ಟಿಗೆ ಹೋಗುವ ಅದೇ ಜಾತಿಯ ಜೋಳ. ಇಲ್ಲಿ ಅದು ಹೋದದ್ದು ಭಟ್ಟಿಗೆ. ರೈತ ತಂದ ಜೋಳದ ತೂಕಕ್ಕೆ ಸರಿಯಾಗಿ ಅಕ್ಕಿ ಕೊಡುವ ಪದ್ಧತಿ ಮಾಡಿದರು. 1950ರ ದಶಕದ ಆರಂಭದಲ್ಲಿ ಶುರುವಾದ ಆ ಭಟ್ಟಿಯ, ಶೇ 58ರಷ್ಟು ಮದ್ಯಸಾರದ ಸಾರಾಯಿ ಇವತ್ತು ಜಿಲ್ಲೆಯ ಖಜಾನೆಗೆ ಆಧಾರ. ಒಂದು ಕಾಲಕ್ಕೆ ಲಕ್ಷದ ಆಸುಪಾಸಿನಲ್ಲಿದ್ದ ಸೈನಿಕರು ಅಂಗಡಿ, ಹೋಟೆಲು, ದೋಬಿಖಾನೆಗಳಿಗೆ ಗಿರಾಕಿಗಳಾದರು. ಕಿನ್ಮೆನ್ ಇಂದಿಗೂ ಕುವೊಮಿಂಟಾಂಗ್ ಪಕ್ಷಕ್ಕೆ ಹೆಚ್ಚಾಗಿ ಮತ ಹಾಕುವುದರ ಬೇರುಗಳಲ್ಲಿ ಇದೂ ಒಂದು.

1979ರ ಜನವರಿ 1ರಂದು ಅಮೆರಿಕ ಬೀಜಿಂಗ್ ಸರ್ಕಾರವನ್ನು ಮಾನ್ಯಮಾಡಿತು, ಅದೇ ದಿನ ಶೆಲ್ ನಿಂತಿತು. ಬೀಜಿಂಗ್ ಈಗ ಶಾಂತಿಯುತ ಏಕೀಕರಣದ ಮಾತಾಡತೊಡಗಿತು. ತೈಪೆ ಸಂಪರ್ಕವೂ ಬೇಡ, ಮಾತುಕತೆಯೂ ಬೇಡ, ರಾಜಿಯೂ ಬೇಡ ಎಂದಿತು. ನಾಲ್ಕೂವರೆ ತಿಂಗಳ ಮೇಲೆ, ಮೇ 16ರ ರಾತ್ರಿ, ಚೀನಾಕ್ಕೆ ತೀರ ಸಮೀಪದ ಮಾಶಾನ್ ಠಾಣೆಯ 26ರ ಹರೆಯದ ಕ್ಯಾಪ್ಟನ್ ಕಾಣೆಯಾದರು. ಮಾದರಿ ಯೋಧ ಎಂದು ಸೇನೆಯೇ ಮೆರೆಸಿದ್ದ ಯುವಕ. ತೈವಾನಿನಲ್ಲಿ ಗರ್ಭಿಣಿ ಹೆಂಡತಿ, ಪುಟ್ಟ ಮಗ. ಕತ್ತಲಲ್ಲಿ ಎದುರು ದಡಕ್ಕೆ ಈಜಿ ಹೋದ ಅವರು ಹೆಸರು ಬದಲಿಸಿಕೊಂಡು ಪೀಕಿಂಗ್ ವಿಶ್ವವಿದ್ಯಾಲಯ ಸೇರಿದರು, ಷಿಕಾಗೊದಲ್ಲಿ ಡಾಕ್ಟರೇಟ್ ಪಡೆದರು, 2008ರಲ್ಲಿ ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞರಾದರು: ಜಸ್ಟಿನ್ ಲಿನ್ ಯಿಫು. 2002ರಲ್ಲಿ ತಂದೆ ತೀರಿಕೊಂಡರು, ಅದೇ ವರ್ಷ ತೈವಾನಿನ ಸೇನೆ ಬಂಧನದ ವಾರಂಟ್ ಹೊರಡಿಸಿತು. ಅಂತ್ಯಕ್ರಿಯೆಗೆ ಹೆಂಡತಿ ಬಂದರು, ಅವರಿಗೆ ಬರಲಾಗಲಿಲ್ಲ.

ಚೀನಾ ಒಂದೇ ಎಂಬ ಆ ಇಬ್ಬರು ಮುದುಕರ ಒಮ್ಮತಕ್ಕೆ ಬಿರುಕು ಬಿದ್ದದ್ದು ತೈವಾನಿನ ಒಳಗೆ, ಅಲ್ಲಿನ ಜನರಿಂದ. 1947ರ ಫೆಬ್ರವರಿ ಕೊನೆಗೆ ತೈಪೆಯಲ್ಲಿ ಕಳ್ಳ ಸಿಗರೇಟು ಮಾರುತ್ತಿದ್ದ ಹೆಂಗಸಿಗೆ ಅಧಿಕಾರಿಗಳು ಹೊಡೆದದ್ದರಿಂದ ಹೊತ್ತಿಕೊಂಡ ದಂಗೆಯನ್ನು ಕುವೊಮಿಂಟಾಂಗ್ ಸೇನೆ ಹತ್ತಿಕ್ಕಿದಾಗ ಸತ್ತವರು 18 ಸಾವಿರದಿಂದ 28 ಸಾವಿರ ಎಂದು ಸರ್ಕಾರಿ ವರದಿಯೇ ಅಂದಾಜು ಮಾಡಿದೆ. ಆ ವರದಿ ಬರಲು 1992ರವರೆಗೆ ಕಾಯಬೇಕಾಯಿತು. ತೈವಾನಿನವರಿಗೆ ತಮ್ಮದೇ ದೇಶ ಬೇಕು ಎಂಬ ಮಾತು ಬೆಳೆದದ್ದು ಆ ನೆನಪಿನ ಸುತ್ತ. 1964ರಲ್ಲಿ ಪ್ರಾಧ್ಯಾಪಕ ಪೆಂಗ್ ಮಿಂಗ್-ಮಿನ್ ಇಬ್ಬರು ಶಿಷ್ಯರೊಂದಿಗೆ, ಮುಖ್ಯಭೂಮಿಯನ್ನು ಮರಳಿ ಗೆಲ್ಲುವ ಮಾತು ಬರೀ ಸುಳ್ಳು ಎಂದು ಪ್ರಣಾಳಿಕೆ ಅಚ್ಚುಹಾಕಿಸಿ ಜೈಲು ಸೇರಿದರು. ಹೊಸ ಸಂವಿಧಾನದ ಕರಡನ್ನು ಪ್ರಕಟಿಸಿ ದೇಶದ್ರೋಹದ ಆರೋಪ ಹೊತ್ತ ಸಂಪಾದಕ ಚೆಂಗ್ ನಾನ್-ಜುಂಗ್, 1989ರ ಏಪ್ರಿಲ್ 7ರಂದು ಪೊಲೀಸರು ಬಾಗಿಲಿಗೆ ಬಂದಾಗ ಕಚೇರಿಯಲ್ಲೇ ಬೆಂಕಿ ಹಚ್ಚಿಕೊಂಡರು. ಅಷ್ಟರಲ್ಲಿ 1986ರಲ್ಲಿ ಡೆಮಾಕ್ರಟಿಕ್ ಪ್ರೊಗ್ರೆಸಿವ್ ಪಕ್ಷ ಹುಟ್ಟಿತ್ತು, 1987ರ ಜುಲೈನಲ್ಲಿ 38 ವರ್ಷಗಳ ಸೇನಾ ಕಾನೂನು ತೆರವಾಗಿತ್ತು. ಕಿನ್ಮೆನ್‌ನಲ್ಲಿ ತೆರವಾದದ್ದು 1992ರ ನವೆಂಬರ್ 7ರಂದು, ಐದು ವರ್ಷ ತಡವಾಗಿ.

ಮತಪೆಟ್ಟಿಗೆ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಚೀನಾದ ನಿಜವಾದ ಸರ್ಕಾರ ಯಾವುದು ಎಂಬುದು ಹಳೆಯ ಪ್ರಶ್ನೆ. ಅದಕ್ಕೆ 1971ರಲ್ಲೇ ವಿಶ್ವಸಂಸ್ಥೆ ಬೀಜಿಂಗ್ ಎಂದು ಉತ್ತರಿಸಿತ್ತು. ಆ ನಿರ್ಣಯದಲ್ಲಿ ತೈವಾನಿನ ಹೆಸರೇ ಇಲ್ಲ ಎಂಬುದು ಇನ್ನೊಂದು ತಕರಾರು. ಈಗಿನ ಪ್ರಶ್ನೆ, ನಾವು ಚೀನಾದ ಭಾಗವಾಗಬೇಕೇ ಎಂಬುದು. ತೈಪೆಯ ರಾಷ್ಟ್ರೀಯ ಚೆಂಗ್‌ಚಿ ವಿಶ್ವವಿದ್ಯಾಲಯ 1992ರಿಂದ ಕೇಳುತ್ತ ಬಂದಿರುವ ಸಮೀಕ್ಷೆಯಲ್ಲಿ ಮೊದಲ ವರ್ಷ ತಾನು ಚೀನೀಯ ಎಂದವರು ಶೇ 25.5, ತೈವಾನೀಯ ಎಂದವರು ಶೇ 17.6. ಈಚಿನ ವರ್ಷಗಳಲ್ಲಿ ತೈವಾನೀಯರೆನ್ನುವವರು ಶೇ 60ರ ಮೇಲೆ, ಬರೀ ಚೀನೀಯರೆನ್ನುವವರು ಶೇ 5ಕ್ಕೂ ಕಡಿಮೆ. ಆದರೂ ನಾಳೆಯೇ ಸ್ವಾತಂತ್ರ್ಯ ಘೋಷಿಸಿ ಎನ್ನುವವರು ಬಹುಸಂಖ್ಯಾತರಲ್ಲ. ಇದ್ದದ್ದು ಇದ್ದ ಹಾಗೆ ಇರಲಿ ಎನ್ನುವವರೇ ಹೆಚ್ಚು. ಸ್ವಾತಂತ್ರ್ಯ ಘೋಷಿಸಿದರೆ ಬಲ ಬಳಸಲು ಅವಕಾಶ ಕೊಡುವ ಕಾನೂನನ್ನು ಬೀಜಿಂಗ್ 2005ರಲ್ಲಿ ಮಾಡಿಟ್ಟಿದೆ. ಆ ಬೆದರಿಕೆಯ ಕೆಳಗೆ ಕೊಟ್ಟ ಉತ್ತರ ಇದು ಎಂಬುದನ್ನು ಮರೆಯುವಂತಿಲ್ಲ.

ಹೊಸ ಪ್ರಶ್ನೆಯಲ್ಲಿ ಕಿನ್ಮೆನ್‌ಗೆ ಜಾಗವೆಲ್ಲಿ? 1994ರಲ್ಲಿ ಪ್ರೊಗ್ರೆಸಿವ್ ಪಕ್ಷದ ಅಧ್ಯಕ್ಷ ಶಿಹ್ ಮಿಂಗ್-ತೆ, ಕಿನ್ಮೆನ್ ಮಾತ್ಸುಗಳಿಂದ ಸೇನೆ ಹಿಂತೆಗೆಯಬೇಕೆಂದರು. ಡಲೆಸ್ ಕೇಳಿದ್ದಕ್ಕಿಂತ ಹೆಚ್ಚಿನದನ್ನು ಈಗ ತೈವಾನಿನವರೇ ಕೇಳುತ್ತಿದ್ದರು. ಶೆಲ್ ತಿಂದವರು ನಾವು, ಈಗ ನಮ್ಮನ್ನೇ ಕೈಬಿಡುವುದೇ ಎಂದು ದ್ವೀಪದವರು ಕೆರಳಿದರೆ ಆಶ್ಚರ್ಯವೇನು! ಪಕ್ಷ ಪಾಠ ಕಲಿಯಿತು. 1999ರ ಅದರ ನಿರ್ಣಯದಲ್ಲಿ ತೈವಾನ್, ಪೆಂಗ್ಹು, ಕಿನ್ಮೆನ್, ಮಾತ್ಸು ನಾಲ್ಕೂ ಹೆಸರುಗಳಿವೆ. ಸಿಕ್ಕು ಮಾತ್ರ ಬಿಡಲಿಲ್ಲ. ತೈಪೆಯ ಸಂವಿಧಾನದ ಪ್ರಕಾರ ಕಿನ್ಮೆನ್ ಈಗಲೂ ಫುಜಿಯನ್ ಪ್ರಾಂತ್ಯಕ್ಕೆ ಸೇರಿದ್ದು; ಆ ಪ್ರಾಂತ್ಯದ ಹೆಸರಿನಲ್ಲಿ ಒಂದು ಸರ್ಕಾರಿ ಕಚೇರಿಯೇ 2018ರ ಕೊನೆಯವರೆಗೆ ಇಲ್ಲಿತ್ತು. ಬೀಜಿಂಗ್‌ನ ದಫ್ತರದಲ್ಲಿ ಕಿನ್ಮೆನ್ ಚುವಾನ್‌ಝೌ ನಗರಾಡಳಿತಕ್ಕೆ ಸೇರಿದ ಜಿಲ್ಲೆ. ಅಪ್ಪಟ ತೈವಾನ್ ರಾಷ್ಟ್ರವಾದಿಗೆ ಇದು ಹೊರಗಿನದು, ಚೀನಾಕ್ಕೆ ಇನ್ನೂ ಒಳಬಾರದ್ದು.

ದ್ವೀಪದ ಜನ ಮಾತ್ರ ಲೆಕ್ಕಾಚಾರದವರು. 2001ರ ಜನವರಿ 2ರಂದು ಕಿನ್ಮೆನ್‌ನಿಂದ ಶಿಯಾಮೆನ್‌ಗೆ ಮೊದಲ ಅಧಿಕೃತ ಹಡಗು ಹೊರಟಿತು. ತೈವಾನಿನಿಂದ ಚೀನಾಕ್ಕೆ ನೇರ ವಿಮಾನವಿಲ್ಲದ ಕಾಲದಲ್ಲಿ ಇದೊಂದು ಬಾಗಿಲಾಯಿತು. ನದಿಯಿಲ್ಲದ ದ್ವೀಪಕ್ಕೆ ನೀರಿನ ಬರ ಹಳೆಯದು. ಭಟ್ಟಿಗೂ ನೀರು ಬೇಕು. ಫುಜಿಯನ್‌ನ ಜಿನ್‌ಜಿಯಾಂಗ್‌ನಿಂದ ಕಡಲಡಿಯಲ್ಲಿ ಹಾಕಿದ ಕೊಳವೆಯಲ್ಲಿ 2018ರ ಆಗಸ್ಟ್‌ನಲ್ಲಿ ನೀರು ಬಂತು. ಸಮಾರಂಭ ಮುಂದೂಡಿ ಎಂದು ತೈಪೆ ಕೇಳಿಕೊಂಡಿತ್ತು. ಜಿಲ್ಲಾಡಳಿತ ಕೇಳಲಿಲ್ಲ. ಶತ್ರುವಿನ ನಲ್ಲಿಗೆ ಬಾಯೊಡ್ಡುತ್ತಿದ್ದೀರಿ ಎಂಬ ತೈಪೆಯ ಆತಂಕದಲ್ಲಿ ಹುರುಳಿದೆ. ಆದರೆ 1958ರಲ್ಲಿ ಹೊಲದಲ್ಲಿ ಗುಂಡಿ ತೋಡಿ ಕೂತವರಿಗೆ, ಆಚೆ ದಡದವರ ಜೊತೆ ಸರಿಯಾಗಿರುವುದು ಸಿದ್ಧಾಂತಕ್ಕಿಂತ ಮೊದಲಿನ ಜರೂರು ಎನಿಸಿದರೆ ಅದನ್ನು ದ್ರೋಹವೆಂದು ಕರೆಯುವುದು ಅನ್ಯಾಯ.

ಗಡಿಯ ಆಟ ನಿಂತಿಲ್ಲ. 2022ರ ಆಗಸ್ಟ್‌ನಲ್ಲಿ ಆಚೆಯಿಂದ ಬಂದ ಡ್ರೋನ್ ಒಂದಕ್ಕೆ ಇಲ್ಲಿನ ಸೈನಿಕರು ಕಲ್ಲು ಬೀಸಿದ ವಿಡಿಯೊ ಊರೆಲ್ಲ ಓಡಾಡಿತು; ಸೆಪ್ಟೆಂಬರ್ 1ರಂದು ಅಂಥದ್ದೊಂದನ್ನು ಗುಂಡಿಟ್ಟು ಕೆಡವಲಾಯಿತು. 2024ರ ಫೆಬ್ರವರಿ 14ರಂದು ತೈವಾನ್ ಕರಾವಳಿ ಪಡೆ ಅಟ್ಟಿಸಿಕೊಂಡು ಹೋದ ಚೀನಾದ ದೋಣಿಯೊಂದು ಮಗುಚಿ ಇಬ್ಬರು ಸತ್ತರು. ಕಿನ್ಮೆನ್ ಸುತ್ತ ತೈವಾನ್ ಹೇಳುವ ನಿಷಿದ್ಧ ಜಲಪ್ರದೇಶ ಎಂಬುದೇ ಇಲ್ಲ ಎಂದು ಬೀಜಿಂಗ್ ಸಾರಿತು, ಅದರ ಕಾವಲು ಹಡಗುಗಳು ಆ ಜಲಪ್ರದೇಶದ ಗೆರೆಯನ್ನು ತಿಂಗಳು ತಿಂಗಳೂ ದಾಟತೊಡಗಿದವು. ಹೆಣಗಳನ್ನು ಒಪ್ಪಿಸುವ ಮಾತುಕತೆ ಕೂತದ್ದು ಕಿನ್ಮೆನ್‌ನಲ್ಲೇ. ಮಾರ್ಚ್‌ನಲ್ಲಿ ಮುರಿದುಬಿದ್ದು, ಜುಲೈ 30ರಂದು ಕುದುರಿತು.

ಅಲ್ಲಿ ಅಂಥ ಮಾತುಕತೆ ಮೊದಲನೆಯದೇನಲ್ಲ. 1990ರ ಜುಲೈನಲ್ಲಿ, ಕದ್ದು ನುಸುಳಿದ್ದ ಚೀನೀಯರನ್ನು ತೈವಾನಿನ ಅಧಿಕಾರಿಗಳು ದೋಣಿಯ ತಳದಲ್ಲಿ ಕೂಡಿ ಹಾಕಿ ಹಿಂದೆ ಕಳಿಸಿದಾಗ 25 ಮಂದಿ ಉಸಿರುಕಟ್ಟಿ ಸತ್ತಿದ್ದರು. ಸರ್ಕಾರಗಳು ಒಂದರ ಮುಖ ಇನ್ನೊಂದು ನೋಡುತ್ತಿರಲಿಲ್ಲ. ಆದ್ದರಿಂದ ಎರಡೂ ಕಡೆಯ ರೆಡ್‌ಕ್ರಾಸ್ ಸಂಸ್ಥೆಗಳವರು ಆ ಸೆಪ್ಟೆಂಬರ್‌ನಲ್ಲಿ ಕಿನ್ಮೆನ್‌ನಲ್ಲಿ ಸೇರಿ, ಹಿಡಿದವರನ್ನು ಹೇಗೆ ಮರಳಿಸಬೇಕೆಂದು ಒಂದು ಕರಾರಿಗೆ ಬಂದರು. ಸಾರ್ವಭೌಮತ್ವದ ಬಗ್ಗೆ ಅದರಲ್ಲಿ ಯಾರೂ ಒಂದಕ್ಷರ ಬರೆಯಲಿಲ್ಲ.